ಬಿಸಿಲೇರಿದ ಮೇಲೆ ಏಳುವ ಲಾರಿ

ಹೊಳವನಹಳ್ಳಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬೆಳಕು ಹರಿಯುವ ಹೊತ್ತಿಗೆ ಆ ಸದ್ದು ಶುರುವಾಗುತ್ತದೆ: ಗುರ್ರ್, ಗುರ್ರ್, ಗುರ್... ಆಮೇಲೆ ಒಂದು ಕೆಮ್ಮು. ಆಮೇಲೆ ಏನೂ ಇಲ್ಲ. ರುದ್ರಮುನಿಯ ಲಾರಿ ಇವತ್ತೂ ಎದ್ದಿಲ್ಲವೆಂದು ಡೇರಿಗೆ ಹಾಲು ಹಾಕಲು ಹೊರಟವರಿಗೆಲ್ಲ ಗೊತ್ತಾಗುತ್ತದೆ.

ಅಪ್ಪ ಬಿಟ್ಟುಹೋದ ಪೆಟ್ರೋಲ್ ಲಾರಿ ಅದು. ಉಬ್ಬಿದ ಮೂತಿ, ಮರದ ಬಾಡಿ. ತಾಲ್ಲೂಕಿನಲ್ಲಿ ಅಂಥದ್ದು ಇನ್ನೊಂದಿಲ್ಲ ಎಂಬ ಹೆಮ್ಮೆಯಲ್ಲೇ ರುದ್ರಮುನಿ ಐವತ್ತು ದಾಟಿದ್ದಾನೆ. ಊರಿನ ತರಕಾರಿಯನ್ನು ಬೆಳಗ್ಗೆ ಕೊರಟಗೆರೆ ಮಾರುಕಟ್ಟೆಗೆ ಮುಟ್ಟಿಸುವುದೇ ಅವನ ಬದುಕು. ಯುಗಾದಿ ಕಳೆದ ಮೇಲೆ ಡಿಸ್ಟ್ರಿಬ್ಯೂಟರಿಗೆ, ಅಂದರೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಬ್ಬಿಗೆ, ಹೊಸ ಕ್ಯಾಪ್ ಹಾಕಿಸಿದ. ಅಂದಿನಿಂದ ಲಾರಿ ಬೆಳಗ್ಗೆ ಹಟ ಹಿಡಿಯುತ್ತದೆ. ಬಿಸಿಲೇರಿದ ಮೇಲೆ ತಾನಾಗಿಯೇ ಏಳುತ್ತದೆ. ಅಷ್ಟು ಹೊತ್ತಿಗೆ ಮಾರುಕಟ್ಟೆ ಖಾಲಿ.

ಡಬ್ಬಿಯೊಳಗೆ ಕಿಡಿ ಎಬ್ಬಿಸುವ ಪಾಯಿಂಟ್ ಉಜ್ಜಿದ. ಕಂಡೆನ್ಸರ್ ಬದಲಿಸಿದ. ದರಿದ್ರದ್ದು ಎಂದು ಆ ಕ್ಯಾಪನ್ನೇ ಕಿತ್ತು ಇನ್ನೊಂದು ಹಾಕಿದ. ಕೊರಟಗೆರೆಯ ಮೆಕ್ಯಾನಿಕ್ ಅನಿಲ್ ಕುಮಾರನ ಬಳಿ ಒಯ್ದರೆ, ಮಧ್ಯಾಹ್ನದ ಹೊತ್ತಿನಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್! "ಲಾರಿಗೇನಾಗಿಲ್ಲ ಕಣಣ್ಣ. ಬೆಳಗ್ಗೆ ನೀನೇ ಸ್ಟಾರ್ಟ್ ಆಗ್ತಿಲ್ವೇನೋ" ಎಂದು ಅವನು ನಕ್ಕಿದ್ದ.

ಇವತ್ತು ನಗುವ ಹಾಗಿರಲಿಲ್ಲ. ಟೊಮೆಟೊ ಬೆಳೆಯುವ ಸಿದ್ದಗಂಗಯ್ಯ ನಿನ್ನೆಯೇ ಹೇಳಿದ್ದ: "ನಾಳೇನೂ ಕೈ ಕೊಟ್ರೆ ಪುರವರದ ಟೆಂಪೋದೋನ್ಗೇ ಖಾಯಂ ಹೇಳ್ಬುಡ್ತೀನಿ ಕಣಪ್ಪ." ಅವನ ಲೋಡು ಹೋದರೆ ಉಳಿದವರದೂ ಹಿಂದೆಯೇ ಹೋಗುತ್ತದೆ.

ರುದ್ರಮುನಿ ಬಾನೆಟ್ ಎತ್ತಿ, ಬೆಳಕು ಬೀಳದಂತೆ ಗೋಣಿಚೀಲ ಹೊದ್ದುಕೊಂಡು ಒಳಗೆ ಬಗ್ಗಿದ.

"ಲೇ ಭುವನಾ, ತಿರುಗ್ಸೇ ಚಾವೀನ."

ಹೆಂಡತಿ ತಿರುಗಿಸಿದಳು. ಕ್ಯಾಪಿನ ಮೇಲೆ ಸಣ್ಣ ನೀಲಿ ಕಿಡಿಗಳು ತಂತಿಯಿಂದ ತಂತಿಗೆ ಹರಿದಾಡಿದವು. ಅವು ಹರಿಯುತ್ತಿದ್ದುದು ಮೂರು ಬಿಳಿ ಗೆರೆಗಳ ಉದ್ದಕ್ಕೂ.

ಸ್ನಾನ ಮುಗಿಸಿ, ಹಣೆಗೆ ವಿಭೂತಿ ಧರಿಸಿದ ಒದ್ದೆ ಬೆರಳಿನಿಂದಲೇ ಅವನು ಹೊಸ ಕ್ಯಾಪಿಗೂ ದಿನಾ ಎಳೆಯುತ್ತಿದ್ದ ಗೆರೆಗಳು. ಲಾರಿ ಹಟ ಹಿಡಿದಷ್ಟೂ ವಿಭೂತಿ ದಪ್ಪವಾಗುತ್ತಿತ್ತು. ಆ ಹಸಿಯಲ್ಲಿ ಕಿಡಿ ಸೋರಿಹೋಗಿ ಪ್ಲಗ್ಗಿಗೆ ಮುಟ್ಟುತ್ತಿರಲಿಲ್ಲ. ಬಿಸಿಲಿಗೆ ಒಣಗಿದ ಮೇಲೆ ಮುಟ್ಟುತ್ತಿತ್ತು.

"ಏನ್ರೀ, ಸಿಕ್ತಾ?"

"ಏನಿಲ್ಲ."

"ಏನಿಲ್ದೆ ಅಂಗ್ಯಾಕ್ ನಿಂತಿದ್ದೀರಿ, ದೆವ್ವ ಮೆಟ್ಕೊಂಡೋರಂಗೆ?"

ಹೆಗಲ ಮೇಲಿನ ಟವೆಲ್ಲಿನಿಂದ ಆ ವಿಭೂತಿಯನ್ನು ಒರೆಸಿದ. ಕೈ ಎರಡು ಸಲ ತಡೆಯಿತು. ಲಾರಿ ಒಂದೇ ಏಟಿಗೆ ಎದ್ದಿತು.

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಟೆಂಪೋಗೆ ಸಿದ್ದಗಂಗಯ್ಯನ ಟೊಮೆಟೊ ಕ್ರೇಟುಗಳು ಏರುತ್ತಿದ್ದವು. ರುದ್ರಮುನಿ ಓಡಿದ.

"ಸಿದ್ದಗಂಗಣ್ಣ, ಇಳ್ಸಣ್ಣ, ಸ್ಟಾರ್ಟ್ ಆಯ್ತು!"

"ಇವತ್ತೇನೋ ಆಯ್ತು. ನಾಳೆ? ಅದರ ರೋಗ ಏನು ಅಂತ ಹೇಳು, ನಂಬ್ತೀನಿ. ಈಗ್ಲೇ ಇಳಿಸ್ತೀನಿ."

ಟೆಂಪೋದವನೂ ಹಗ್ಗ ಬಿಟ್ಟು ಕಿವಿಗೊಟ್ಟ.

"ಅದೂ... ಕ್ಯಾಪ್ ಮೇಲೆ ದಿನಾ ನಾನೇ..." ಎಂದ ರುದ್ರಮುನಿ, ಟೆಂಪೋದವನ ತುಟಿಯಂಚಿನಲ್ಲಿ ಆಗಲೇ ಮೂಡುತ್ತಿದ್ದ ನಗು ಕಂಡು, ಮಾತನ್ನು ಅಲ್ಲೇ ಬಿಟ್ಟು ಗುಡುಗುತ್ತಿದ್ದ ಲಾರಿಯ ಕಡೆಗೆ ನಡೆದುಬಿಟ್ಟ.