ಬಸ್ಸು ಬರುವ ತನಕ ಮಡಚದ ಬೆರಳು

ಗೆಳೆಯರೇ, ಇವತ್ತು ಪಂಚನಹಳ್ಳಿಯಲ್ಲಿ ನೋವುಣ್ಣುತ್ತಿದ್ದ ಒಬ್ಬ ಹೆಂಗಸಿನ ಮೇಲೆ ನಾನು ರೇಗಿಬಿಟ್ಟೆ. ದೇಹದ ರಕ್ಷಣಾ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆಯ ಸಂಶೋಧನೆ ನನ್ನದು. ಶಾಲೆಯ ಜಗಲಿಯಲ್ಲಿ ಕೂತು ರೋಗಿಗಳನ್ನು ಆರಿಸುತ್ತಿದ್ದೆ. ಆಯ್ಕೆಯಾದವರಿಗೆ ಮಾತ್ರ ಕಡೂರಿನ ಆಸ್ಪತ್ರೆಯಲ್ಲಿ ವರ್ಷಪೂರ್ತಿ ಔಷಧಿ. ಕುರಿ ಸಾಕುವ ಗಂಗಮ್ಮನ ಬೆರಳ ಗೆಣ್ಣುಗಳೆಲ್ಲ ಊದಿಕೊಂಡಿದ್ದವು.

"ಬೆಳಿಗ್ಗೆ ಎದ್ದ ಮೇಲೆ ಕೈ ಎಷ್ಟು ನಿಮಿಷ ಬಿಗಿದುಕೊಂಡಿರುತ್ತೆ?" ಎಂದು ಕೇಳಿದೆ.

"ಮೊದಲ್ನೇ ಬಸ್ ಬರೋಗಂಟ ಕಣವ್ವ."

"ಬಸ್ಸಿನ ಕತೆ ಬೇಡಮ್ಮ, ನಿಮಿಷ ಹೇಳು" ಎಂದು ರೇಗಿದೆ.

"ನಿಮಿಷ ನಂಗೇನ್ ಗೊತ್ತವ್ವ? ಬಸ್ಸಿನ ಹಾರನ್ ಕೇಳೋ ಹೊತ್ಗೆ ಬೆರಳು ಮಡಿಸಕ್ಕಾಯ್ತದೆ. ಅದ್ಕೂ ಮುಂಚೆ ಚೊಂಬು ಹಿಡಿಯಕ್ಕೂ ಆಗಲ್ಲ."

ಸಾಲಿನಲ್ಲಿದ್ದವರು ನಕ್ಕರು. ನಾನೂ ನಕ್ಕು, 'ಮಾಹಿತಿ ನಂಬಲರ್ಹವಲ್ಲ' ಎಂದು ಬರೆದು ಅವಳ ಹೆಸರು ಹೊಡೆದುಹಾಕಿದೆ. ಅವಳು ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಎದ್ದು ಹೋದಳು.

ಪಕ್ಕದಲ್ಲಿದ್ದ ಶಾಲೆಯ ಮೇಷ್ಟ್ರು ಮೆಲ್ಲಗೆ ಹೇಳಿದರು. "ಡಾಕ್ಟ್ರೇ, ಆ ಬಸ್ಸು ಬರೋದು ಏಳೂವರೆಗೆ. ಆಯಮ್ಮ ಏಳೋದು ಐದಕ್ಕೆ."

ಎರಡೂವರೆ ಗಂಟೆ. ನಮ್ಮ ಆಯ್ಕೆಗೆ ಬೆಳಗಿನ ಬಿಗಿತ ಒಂದು ಗಂಟೆ ಇದ್ದರೆ ಸಾಕಿತ್ತು.

ಗೇಟಿನ ತನಕ ಓಡಿಹೋಗಿ ಅವಳನ್ನು ಕರೆದೆ. ತಪ್ಪಾಯಿತು ಎಂದೆ. "ಬುಡವ್ವ, ನಿನ್ ಕೆಲ್ಸದ ಬಿಸಿ ನಿಂಗೆ" ಎಂದು ನನಗೇ ಸಮಾಧಾನ ಹೇಳಿ ಬಂದು ಕೂತಳು. ಸಿರಿಂಜಿನಲ್ಲಿ ರಕ್ತ ತೆಗೆಯುವಾಗ ಅವಳ ಮುಖ ನೋಡಲು ನನ್ನಿಂದಾಗಲಿಲ್ಲ.

ಎಂಟು ವರ್ಷ ವೈದ್ಯಕೀಯ ಓದಿದ್ದೇನೆ. ಆ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಲು ಮಾತ್ರ ಹೊಳೆಯಲಿಲ್ಲ.