ಎಡ ಹೆಗಲಿಗೆ ಬಂದ ಬಂದೂಕು

ಅರಸೀಕೆರೆಯ ನಮ್ಮ ರೈಫಲ್ ರೇಂಜ್ ಮೊದಲು ಒಂದು ಕೊಬ್ಬರಿ ಮಂಡಿಯ ಗೋದಾಮಾಗಿತ್ತು. ಆ ಮಂಡಿಯವರ ಮನೆಗೆ ಸೊಸೆಯಾಗಿ ಬಂದ ಹುಡುಗಿ ಕಾಲೇಜಿನಲ್ಲಿದ್ದಾಗ ರಾಜ್ಯಮಟ್ಟದ ಸ್ಪರ್ಧೆಗಳಲ್ಲಿ ಗುರಿ ಹೊಡೆದವಳು. ಮಾವನನ್ನು ಒಪ್ಪಿಸಿ, ಗೋದಾಮಿನ ಅರ್ಧಕ್ಕೆ ಗೋಡೆ ಹಾಕಿಸಿ, ಹತ್ತು ಮೀಟರ್ ದೂರಕ್ಕೆ ಟಾರ್ಗೆಟ್ ನಿಲ್ಲಿಸಿ ಮಕ್ಕಳಿಗೆ ಕಲಿಸತೊಡಗಿದಳು. ನಾನು ಹೈಸ್ಕೂಲಿನಲ್ಲಿ ಗಣಿತ ಟೀಚರ್. ನಮ್ಮ ಶಾಲೆಯ ಹೆಣ್ಣುಮಕ್ಕಳನ್ನು ಸೇರಿಸಲು ಹೋದವಳು ಅವರ ಮುಂದೆ ತಮಾಷೆಗೆಂದು ಒಮ್ಮೆ ಬಂದೂಕು ಎತ್ತಿದೆ. ಆಗ ನನಗೆ ಐವತ್ತು ಹತ್ತಿರವಾಗಿತ್ತು. ಆಮೇಲೆ ಮಕ್ಕಳು ಬರಲಿ ಬಿಡಲಿ, ನಾನಂತೂ ತಪ್ಪಿಸಲಿಲ್ಲ.

ಅದು ಗಾಳಿಯ ಬಂದೂಕು. ನಳಿಗೆಯ ಕೆಳಗಿನ ಸಿಲಿಂಡರಿಗೆ ಮೊದಲೇ ಗಾಳಿ ತುಂಬಿರುತ್ತಾರೆ. ಟ್ರಿಗರ್ ಒತ್ತಿದರೆ ಒಂದಿಷ್ಟು ಗಾಳಿ ಹೊರಬಂದು ಸೀಸದ ಸಣ್ಣ ಗುಂಡನ್ನು ತಳ್ಳುತ್ತದೆ. ಹೆಗಲಿಗೆ ಏಟಿಲ್ಲ, ಸದ್ದೂ ಅಷ್ಟಿಲ್ಲ. ಹಾಗಾಗಿ ಗುರಿ ತಪ್ಪಿದರೆ ಹೇಳಿಕೊಳ್ಳಲು ನೆಪ ಕಡಿಮೆ. ಆದರೂ ನಾನು ಹುಡುಕಿದೆ. ನನ್ನ ಗುಂಡುಗಳು ನಡುವಿಗೆ ಬೀಳುತ್ತಿದ್ದವು, ಇದ್ದಕ್ಕಿದ್ದಂತೆ ಒಂದೆರಡು ಎತ್ತಲೋ ಓಡುತ್ತಿದ್ದವು. ಗಾಳಿ ಇಳಿದಿರಬೇಕು ಅಂದೆ. ಕಲಿಸುವ ಹುಡುಗಿ ಸಿಲಿಂಡರಿನ ಮೀಟರಿನ ಮುಳ್ಳು ತೋರಿಸಿದಳು, ಸರಿಯಾಗಿಯೇ ಇತ್ತು. ಗುಂಡಿನ ಡಬ್ಬಿ ಬದಲಾಯಿಸಿದೆವು. ಕೊನೆಗೆ ಅವಳು ಬಂದೂಕನ್ನು ಮರಳಿನ ಚೀಲದ ಮೇಲಿಟ್ಟು ತಾನೇ ಹೊಡೆದಳು. ಎಲ್ಲ ಗುಂಡೂ ಒಂದೇ ತೂತಿನಲ್ಲಿ ನುಗ್ಗಿದ ಹಾಗಿತ್ತು. ಅಲ್ಲಿಗೆ ಬಂದೂಕನ್ನು ದೂರುವುದು ಬಿಟ್ಟೆ.

ಮೊದಲಿನಿಂದ ಕಲಿತೆ. ಅರ್ಧ ಉಸಿರು ಬಿಟ್ಟು ನಿಲ್ಲಿಸುವುದು, ಟ್ರಿಗರನ್ನು ಎಳೆಯದೆ ಮೆತ್ತಗೆ ಒತ್ತುವುದು, ಗುಂಡು ಹೋದ ಮೇಲೂ ಕೆನ್ನೆ ಎತ್ತದೆ ಹಾಗೇ ನೋಡುತ್ತಿರುವುದು. ಗುಂಡು ಹಾಕದ ಬಂದೂಕು ಹಿಡಿದು ಬರೀ ಗೋಡೆಗೆ ಗುರಿಯಿಟ್ಟು ಅಭ್ಯಾಸ ಮಾಡಿದೆ. ತೂತುಗಳು ಹತ್ತಿರ ಹತ್ತಿರ ಬಂದವು. ಆದರೆ ಸ್ವಲ್ಪ ಹೊತ್ತಿಗೆಲ್ಲ ಕಣ್ಣಲ್ಲಿ ನೀರು ಬರುತ್ತಿತ್ತು, ಮತ್ತೆ ಚದುರುತ್ತಿದ್ದವು.

ಒಂದು ದಿನ ಹುಡುಗಿ ನನ್ನ ಎರಡೂ ಅಂಗೈ ಜೋಡಿಸಿ, ನಡುವೆ ಸಣ್ಣ ಕಿಂಡಿ ಬಿಡಿಸಿ, ಅದರೊಳಗಿಂದ ಗೋಡೆ ಗಡಿಯಾರ ನೋಡಲು ಹೇಳಿದಳು. ಎಡಗಣ್ಣು ಮುಚ್ಚಿದೆ, ಗಡಿಯಾರ ಮಾಯ. ಬಲಗಣ್ಣು ಮುಚ್ಚಿದೆ, ಅಲ್ಲೇ ಇತ್ತು.

"ಮೇಡಂ, ನೀವು ಎಡಚರಾ?" ಎಂದು ಕೇಳಿದಳು.

ಇಲ್ಲ ಅಂದೆ. ಅಂದ ಮೇಲೆ ನನ್ನ ತವರೂರು ಹಗರೆಯ ನಮ್ಮ ಅಡುಗೆಮನೆ ನೆನಪಾಯಿತು. ಊಟಕ್ಕೆ ಕೂತಾಗ ಅವ್ವ ತನ್ನ ಹಳೇ ಸೀರೆಯ ತುಂಡಿನಿಂದ ನನ್ನ ಎಡಗೈಯನ್ನು ಸೊಂಟಕ್ಕೆ ಕಟ್ಟುತ್ತಿದ್ದಳು. ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ನಾಲ್ಕು ಜನರ ಪಂಕ್ತಿಯಲ್ಲಿ ಮಗಳು ಎಡಗೈಯಲ್ಲಿ ಉಂಡರೆ ನಗುತ್ತಾರೆ ಅನ್ನುವುದಷ್ಟೇ ಅವಳ ಯೋಚನೆ. ಶಾಲೆಗೆ ಹೋಗುವ ಹೊತ್ತಿಗೆ ನಾನು ಬಲಗೈಯವಳಾಗಿದ್ದೆ.

ಕೈ ಬದಲಾದರೂ ನಿಮ್ಮ ಗುರಿ ಹಿಡಿಯುವ ಕಣ್ಣು ಎಡದ್ದೇ ಉಳಿದಿದೆ, ಅದನ್ನು ಹಿಂಡಿ ಮುಚ್ಚಿಕೊಂಡು ಹೊಡೆಯುತ್ತಿದ್ದೀರಿ ಎಂದು ಹುಡುಗಿ ವಿವರಿಸಿದಳು. ಎಡಗಣ್ಣಿಗೆ ಪಟ್ಟಿ ಅಡ್ಡ ಹಾಕಿಕೊಂಡು ಹೀಗೇ ಮುಂದುವರಿಯಬಹುದು, ಇಲ್ಲವೇ ಹೆಗಲು ಬದಲಾಯಿಸಬಹುದು. ಈ ವಯಸ್ಸಿಗೆ ಪಟ್ಟಿಯೇ ಸುಲಭ ಎಂದಳು. ಆ 'ಈ ವಯಸ್ಸಿಗೆ' ಅನ್ನುವುದು ನನಗೆ ಹಿಡಿಸಲಿಲ್ಲ. ಎರಡೂ ಕೈಗೆ ಹೊಂದುವ ಹಳೇ ಬಂದೂಕೊಂದಿತ್ತು. ಅದನ್ನು ಎಡ ಹೆಗಲಿಗೆ ಕೊಟ್ಟೆ. ಕೆನ್ನೆ ತಾನಾಗಿ ಕೂತಿತು. ಕಣ್ಣು ಮುಚ್ಚದೆಯೇ ಗುರಿ ಸ್ಪಷ್ಟವಾಗಿ ಕಂಡಿತು.

ಮೊದಲ ವಾರಗಳಲ್ಲಿ ನಮ್ಮ ಶಾಲೆಯ ಎಂಟನೇ ಕ್ಲಾಸಿನ ಮಕ್ಕಳಿಗಿಂತ ಕೆಟ್ಟದಾಗಿ ಹೊಡೆದೆ. ಎಡಬೆರಳಿಗೆ ಟ್ರಿಗರಿನ ಹದವೇ ತಿಳಿಯದು. ನಾನು ಬಿಡಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಬಲಗೈಯಲ್ಲಿ ಪಡೆದಿದ್ದ ಹಳೇ ಅಂಕ ದಾಟಿದೆ, ಆಮೇಲೆ ಓಡಿ ಹೋಗುವ ಗುಂಡುಗಳೇ ನಿಂತವು.

ರಾಗಿ ಕಣದ ಕೆಲಸ ಮುಗಿಸಿ ಅವ್ವ ಹಳೇಬೀಡಿನಲ್ಲಿ ಬಸ್ ಬದಲಾಯಿಸಿಕೊಂಡು ನಮ್ಮ ಮನೆಗೆ ಬಂದಳು. ಭಾನುವಾರ ರೇಂಜಿಗೆ ಕರೆದೊಯ್ದೆ. ಅವಳೆದುರು ಬಂದೂಕನ್ನು ಎಡಕ್ಕೆ ಎತ್ತುವಾಗ ಎದೆ ಹೊಡೆದುಕೊಂಡಿದ್ದು ನಿಜ. ಅದು ಇಳಿಯುವವರೆಗೆ ಕಾದು, ಆಮೇಲೆ ಹೊಡೆದೆ. ಅವ್ವ ಗೋಡೆಗೊರಗಿ ನೋಡಿದಳು. ಮುಗಿದ ಮೇಲೆ ಟಾರ್ಗೆಟ್ ಕಾಗದ ಕೇಳಿ ಪಡೆದು ನಡುವಿನ ತೂತಿಗೆ ಬೆರಳಿಟ್ಟಳು. ಇವತ್ತು ಇಲ್ಲಿ ಇದೇ ಎಲ್ಲಕ್ಕಿಂತ ಚೆನ್ನಾಗಿರುವುದು ಅಂತ ಹುಡುಗಿ ಹೇಳಿದಳು.

"ಎಡಗೈಲೇ ಹೊಡ್ದ್ಯಾ?" ಅಂದಳು ಅವ್ವ.

"ಹೂಂ ಅವ್ವ."

"ಸರಿ ಬುಡು. ಉಣ್ಣಾಕೆ ಮಾತ್ರ ಬಲಗೈನೇ ಇರ್ಲಿ."

ಅಷ್ಟೇ. ಕಾಗದವನ್ನು ಮಡಚಿ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡಳು. ಅದನ್ನು ಹಗರೆಯ ಡೈರಿಯಲ್ಲಿ ಹಾಲು ಹಾಕಲು ಬಂದವರಿಗೆಲ್ಲ ತೋರಿಸಿದಳಂತೆ. ಬಲಗೈ ನಾನು ಕಲಿಸಿದ್ದು, ಎಡಗೈ ಅವಳೇ ಕಲ್ತಿದ್ದು ಅಂದಳೆಂದು ಅತ್ತಿಗೆ ಫೋನಿನಲ್ಲಿ ಹೇಳಿದಳು.

ಮುಂದಿನ ಬೇಸಿಗೆಯಲ್ಲಿ ಹಾಸನದ ಸ್ಪರ್ಧೆಗೆ ಹೋದೆ. ನನ್ನ ವಯಸ್ಸಿನ ಹೆಂಗಸರಲ್ಲಿ ಎರಡನೆಯವಳಾದೆ. ಮೊದಲು ಬಂದಾಕೆ ನನಗಿಂತ ನಿಜಕ್ಕೂ ಚೆನ್ನಾಗಿ ಹೊಡೆದಿದ್ದರು, ಹೊಟ್ಟೆಕಿಚ್ಚಾಗಲಿಲ್ಲ. ಆದರೆ ಅಲ್ಲಿಗೆ ಬಂದಿದ್ದ ನಮ್ಮ ಶಾಲೆಯ ಹುಡುಗಿಯರು ನನ್ನ ಸುತ್ತ ನಿಂತು, ಮಿಸ್, ಹೇಗೆ ನಿಲ್ಲಬೇಕು ತೋರಿಸಿ ಅಂದಾಗ ನನಗಾದ ಹೆಮ್ಮೆಯನ್ನು ಮುಚ್ಚಿಡಲು ಆಗಲಿಲ್ಲ, ಮುಚ್ಚಿಡಬೇಕು ಅನ್ನಿಸಲೂ ಇಲ್ಲ. ಪದಕವನ್ನು ಕೊರಳಲ್ಲೇ ಹಾಕಿಕೊಂಡು ಅರಸೀಕೆರೆವರೆಗೂ ಬಸ್ಸಿನಲ್ಲಿ ಕೂತು ಬಂದೆ.