ಸೋತವರ ಮೇಜಿನ ದವಡೆ

ಅರ್ಧ ಸೀಸನ್ ಮುಗಿದಿತ್ತು. ಹಲ್ಲಿನ ಲ್ಯಾಬಿನ ಗೋಡೆಯ ಮೇಲಿದ್ದ ಬಿಳಿ ಹಲಗೆಯಲ್ಲಿ ಯಜಮಾನರು ಐದು ತಂಡಗಳ ಹೆಸರನ್ನು ಮೇಲಿಂದ ಕೆಳಕ್ಕೆ ಬರೆದು, ಪೆನ್ನಿನ ಮುಚ್ಚಳ ಹಾಕಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು. ಎಲ್ಲಕ್ಕಿಂತ ಮೇಲಿದ್ದದ್ದು 'ಹಲ್ಲಿಲ್ಲದ ಹುಲಿಗಳು'. ಒಂದೇ ಒಂದು ಪಂದ್ಯ ಸೋತಿಲ್ಲ. ಎಂಥ ಸೋಜಿಗ ನೋಡಿ! ಬ್ಯಾಸ್ಕೆಟ್‌ಬಾಲ್ ಚೆಂಡಿನ ಬಣ್ಣ ಯಾವುದು ಅಂತ ಹೋದ ವರ್ಷ ಕೇಳಿದ್ದರೆ ತಬ್ಬಿಬ್ಬಾಗುತ್ತಿದ್ದ ಹೆಂಗಸಿನ ತಂಡ ಅದು.

ಆಕೆಯನ್ನು ಲ್ಯಾಬಿನಲ್ಲಿ ಎಲ್ಲರೂ ಕರೆಯುವುದು ಮೇಣದಕ್ಕ ಅಂತ. ಗುಲಾಬಿ ಬಣ್ಣದ ಮೇಣ ಕರಗಿಸಿ, ಅದರಲ್ಲಿ ಒಂದೊಂದೇ ಹಲ್ಲು ಕೂರಿಸಿ, ಬಾಯಿಗೆ ಹೊಂದುವ ಸೆಟ್ಟು ಕಟ್ಟುವುದು ಅವಳ ಕೆಲಸ. ಪಕ್ಕದ ಮೇಜು ಅವಳ ಗಂಡನದು. ಅವಳು ಕಟ್ಟಿದ ಸೆಟ್ಟು ಗಟ್ಟಿಯಾಗಿ ಬಂದ ಮೇಲೆ ಅದನ್ನು ಉಜ್ಜಿ ಹೊಳೆಯಿಸುತ್ತಿದ್ದವನು ಅವನೇ, ಪಾಲಿಶಣ್ಣ. ಹೆಂಡತಿ ಕೂರಿಸಿದ ಹಲ್ಲನ್ನು ಗಂಡ ಫಳಫಳ ಅನ್ನಿಸುತ್ತಿದ್ದ, ಊರಿನ ಮುದುಕರೆಲ್ಲ ಅದರಲ್ಲಿ ನಗುತ್ತಿದ್ದರು. ಈ ವರ್ಷದ ತಂಡ ಆರಿಸಿ, ಹುಲಿಗಳಿಗೆ ಹೆಸರಿಟ್ಟು, ಕುಣಿದಾಡಿ, ಸೀಸನ್ ಶುರುವಾಗುವ ಮುಂಚೆಯೇ ಅವನು ಹೋಗಿಬಿಟ್ಟ. ಸಂಜೆ ಲ್ಯಾಬಿನಿಂದ ಮನೆಗೆ ಅಂತ ಹೊರಟವನು ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತ, ಮತ್ತೆ ಏಳಲಿಲ್ಲ. ಎದೆಬಡಿತ ನಿಂತುಹೋಗಿತ್ತು.

ತಂಡ, ಪಂದ್ಯ ಅಂದೆನಲ್ಲ, ಇವರು ಯಾರೂ ಚೆಂಡು ಮುಟ್ಟುವವರಲ್ಲ. ಎಲ್ಲೋ ದೂರದಲ್ಲಿ ನಿಜವಾದ ಆಟಗಾರರು ನಿಜವಾಗಿ ಓಡಿ, ಹಾರಿ, ಬೆವರು ಸುರಿಸಿ ಆಡುತ್ತಾರೆ. ಇವರು ಫೋನಿನಲ್ಲಿ ಅವರನ್ನೇ ಹಂಚಿಕೊಂಡು ತಮ್ಮ ತಮ್ಮ ತಂಡ ಕಟ್ಟಿಕೊಂಡಿರುತ್ತಾರೆ. ವಾರಕ್ಕೊಬ್ಬ ಎದುರಾಳಿ, ಒಬ್ಬರಿಗೆ ರಜೆ. ಸೋಮವಾರ ಸಂಜೆಯೊಳಗೆ ಐವರನ್ನು ಅಂಗಳಕ್ಕೆ ಇಳಿಸಬೇಕು, ಉಳಿದವರನ್ನು ಬೆಂಚಿನ ಮೇಲೆ ಕೂರಿಸಬೇಕು. ಇಳಿಸಿದವರು ನಿಜದ ಪಂದ್ಯದಲ್ಲಿ ಗಳಿಸಿದ್ದೆಲ್ಲ ನಿಮ್ಮ ಅಂಕ. ಗಾಯಗೊಂಡು ಮಲಗಿದವನನ್ನು ಇಳಿಸಿದರೆ ಸೊನ್ನೆ. ಇಷ್ಟೇ ಆಟ. ಇಷ್ಟಕ್ಕೇ ಆ ಲ್ಯಾಬಿನಲ್ಲಿ ಸೋಮವಾರ ಬಂತೆಂದರೆ ಅರ್ಧ ದಿನ ಕೆಲಸ ಸಾಗುತ್ತಿರಲಿಲ್ಲ.

ಪ್ರತಿ ವಾರ ಎಲ್ಲರಿಗಿಂತ ಹೀನಾಯವಾಗಿ ಸೋತವರಿಗೆ ಒಂದು ಮರ್ಯಾದೆಯೂ ಉಂಟು. ಲ್ಯಾಬಿನಲ್ಲಿ ಒಂದು ದೊಡ್ಡ ಪ್ಲಾಸ್ಟರ್ ದವಡೆ ಇದೆ, ಕುಂಬಳಕಾಯಿ ಗಾತ್ರದ್ದು. ಯಾವುದೋ ಕಾಲೇಜಿನವರು ಪಾಠಕ್ಕೆ ಬೇಕು ಅಂತ ಮಾಡಿಸಿ, ತೆಗೆದುಕೊಂಡು ಹೋಗದೇ ಬಿಟ್ಟಿದ್ದು. ಮುಂದಿನ ಒಂದು ಹಲ್ಲು ಮುರಿದಿದೆ. ಎಲ್ಲರೂ ಅದನ್ನು ತಾತ ಅನ್ನುತ್ತಾರೆ. ಸೋತವರ ಮೇಜಿನ ಮೇಲೆ ತಾತ ಇಡೀ ವಾರ ಹಲ್ಲು ಕಿರಿಯುತ್ತಾ ಕೂತಿರಬೇಕು. ಪಾಲಿಶಣ್ಣನ ಕಾಲದಲ್ಲಿ ತಾತನಿಗೆ ಅವನ ಮೇಜೇ ಕಾಯಂ ಮನೆ. ಯಾಕೆಂದರೆ ಏಣಿ ಅಂತ ಅವನೇ ಹೆಸರಿಟ್ಟಿದ್ದ ಒಬ್ಬ ಉದ್ದನೆಯ ಆಟಗಾರನ ಮೇಲೆ ಅವನಿಗೆ ಹುಚ್ಚು ಪ್ರೀತಿ. ಏಣಿ ಆಡಿದರೂ ಆಡದಿದ್ದರೂ ಇಳಿಸುವುದೇ. ಸೋತು, ತಾತ ಬಂದು ಕೂತಾಗ ಅವನು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ನೆಂಟರನ್ನು ಬರಮಾಡಿಕೊಳ್ಳುವ ಹಾಗೆ ಕೈಯಿಂದ ಮೇಜು ಒರೆಸಿ, "ಬಂದ್ಯಾ ತಾತ? ಬಾ, ಕೂತ್ಕೋ. ಕಾಫಿ ಕುಡೀತೀಯಾ?" ಅನ್ನುತ್ತಿದ್ದ. ಮೇಣದಕ್ಕ ಮೇಣದ ಚಾಕು ಕೈಯಲ್ಲಿ ಹಿಡಿದೇ, "ಮಾನ ಮರ್ಯಾದೆ ಇಲ್ಲ ಈ ಮನುಷ್ಯನಿಗೆ" ಅಂತ ಗೊಣಗುತ್ತಿದ್ದಳು.

ಅವನು ಹೋದ ಮೇಲೆ ತಂಡ ಏನು ಮಾಡುವುದು ಅಂತ ಪ್ರಶ್ನೆ ಬಂತು. ಯಜಮಾನರು ಅಳುಕುತ್ತಲೇ, "ತೆಗೆದು ಹಾಕೋಣವಾ ಅಮ್ಮಾ?" ಅಂದರು. "ಯಾಕೆ ತೆಗೀಬೇಕು? ನಾನು ನೋಡ್ಕೋತೀನಿ" ಅಂದಳು. ನೋಡಿಕೊಂಡಳು ಅಂದರೆ ಏನು? ಗಂಡ ಆರಿಸಿಟ್ಟಿದ್ದ ಐವರನ್ನು ಕದಲಿಸಲೇ ಇಲ್ಲ. ದಿನಾ ಫೋನು ತೆಗೆದು, ಅವನು ಜೋಡಿಸಿದ ಸಾಲು ಹಾಗೇ ಇದೆಯಾ ಅಂತ ನೋಡಿ, ಮುಚ್ಚಿಡುವುದು. ಏಣಿಯಂತೂ ಮಂಡಿ ಮುರಿದುಕೊಂಡು ಈ ವರ್ಷವೆಲ್ಲ ಮಲಗಿದ್ದಾನೆ. ಅವನ ಹೆಸರಿನ ಪಕ್ಕದ ಕೆಂಪು ಗುರುತು ಅವಳಿಗೂ ಕಾಣುತ್ತಿತ್ತು. ಆದರೂ ಏಣಿಯೇ ಮೊದಲಿಗ. ಗಂಡ ಇಟ್ಟ ಕಡೆಯಿಂದ ತೆಗೆಯುವುದಕ್ಕೆ ಅವಳಿಗೆ ಕೈ ಬರುತ್ತಿರಲಿಲ್ಲ.

ಅಂಥ ತಂಡ ಎಲ್ಲರಿಗೂ ಮಣ್ಣು ಮುಕ್ಕಿಸಿ ಮೇಲೆ ಕೂತಿತ್ತು! ಉಳಿದವರ ಪಾಡು ಕೇಳಿ. ಅಚ್ಚು ತೆಗೆಯುವ ಪ್ಲಾಸ್ಟರ್ ಮಾವನ 'ಬುದ್ಧಿಹಲ್ಲು' ಎರಡನೇ ಜಾಗದಲ್ಲಿ. ಬೆಳಿಗ್ಗೆಯಿಂದ ಸಂಜೆವರೆಗೆ ಬಿಳಿ ಪುಡಿ ಮೆತ್ತಿಕೊಂಡೇ ಇರುವ ಆ ಮುದುಕ ಗಾಯಾಳುಗಳ ಸುದ್ದಿಯನ್ನು ಡಾಕ್ಟರರಿಗಿಂತ ಮೊದಲು ತಿಳಿದುಕೊಳ್ಳುತ್ತಿದ್ದ. ಹಲ್ಲಿಗೆ ಬಣ್ಣ ಕಟ್ಟುವ ಹುಡುಗಿ, ಪಿಂಗಾಣಿ ಅಂತ ಅವಳಿಗೆ ಹೆಸರು, ಚಿಕ್ಕ ವಯಸ್ಸಿನ ಆಟಗಾರರನ್ನೇ ಆರಿಸಿ ಒಂದು ವಾರ ಆಕಾಶ, ಒಂದು ವಾರ ಪಾತಾಳ ಅಂತ ಮೂರನೆಯವಳಾಗಿದ್ದಳು. ಸಿದ್ಧವಾದ ಸೆಟ್ಟುಗಳನ್ನು ಸ್ಕೂಟರಿನಲ್ಲಿ ಕ್ಲಿನಿಕ್ಕುಗಳಿಗೆ ಮುಟ್ಟಿಸುವವನು ಪಾಲಿಶಣ್ಣನ ಒಡಹುಟ್ಟಿದ ತಮ್ಮ, ಮೇಣದಕ್ಕನ ಮೈದುನ. ಎಲ್ಲರಿಗಿಂತ ಬಲವಾದ ತಂಡ ಅವನದೇ, ಆದರೂ ನಾಲ್ಕನೆಯವನು. ಅಣ್ಣ ಹೋದ ಮೇಲೆ ಅವನಿಗೆ ಆಟದಲ್ಲಿ ಮನಸ್ಸಿರಲಿಲ್ಲ. ಕೊನೆಯಲ್ಲಿ ಯಜಮಾನರು. ಅವರು ಆಟಗಾರರ ಮುಖ ನೋಡಿ ತಂಡ ಕಟ್ಟುವವರು, ಅವರ ಮಾತು ಬಿಡಿ.

ಮೊದಮೊದಲು ಮೇಣದಕ್ಕನಿಗೆ ಗೆಲುವು ಹಿತವಾಗಿಯೇ ಇತ್ತು. ಗಂಡನೇ ಎಲ್ಲಿಂದಲೋ ಗೆಲ್ಲಿಸುತ್ತಿದ್ದಾನೆ ಅಂತ ಒಂದು ಗಳಿಗೆ ಅನ್ನಿಸುತ್ತಿತ್ತು. ಆಮೇಲೆ ಆಮೇಲೆ ಏನೋ ಕಸಿವಿಸಿ. ಗೆದ್ದ ದಿನ ಎಲ್ಲರೂ ಬಂದು, "ಭೇಷ್ ಅಕ್ಕ" ಅಂದು ಮೆಲ್ಲಗೆ ಸರಿದುಹೋಗುವರು. ಯಾರೂ ಹೊಟ್ಟೆ ಉರಿದುಕೊಳ್ಳುವುದಿಲ್ಲ, ಯಾರೂ ಕಾಲೆಳೆಯುವುದಿಲ್ಲ. ಇದೇ ಜನ ಪಾಲಿಶಣ್ಣ ಅಪ್ಪಿತಪ್ಪಿ ಗೆದ್ದರೆ ಮೋಸ ಮೋಸ ಅಂತ ಛಾವಣಿ ಹಾರಿಸುತ್ತಿದ್ದರು. ಅವಳು ದಿನಾ ಮಾಡುವ ಕೆಲಸದಲ್ಲಿ ಒಂದು ಪರೀಕ್ಷೆ ಇದೆ. ಮೇಲಿನ ಸೆಟ್ಟಿಗೂ ಕೆಳಗಿನ ಸೆಟ್ಟಿಗೂ ನಡುವೆ ತೆಳುವಾದ ನೀಲಿ ಕಾಗದ ಇಟ್ಟು ಕಚ್ಚಿಸುವುದು. ಹಲ್ಲು ಹಲ್ಲಿಗೆ ತಾಗಿದ ಕಡೆ ನೀಲಿ ಚುಕ್ಕೆ ಬೀಳುತ್ತದೆ. ಚುಕ್ಕೆ ದಟ್ಟವಾಗಿದ್ದರೆ ಉಜ್ಜಬೇಕು. ಚುಕ್ಕೆಯೇ ಬೀಳದಿದ್ದರೆ ಸೆಟ್ಟು ಚೆನ್ನಾಗಿದೆ ಅಂತಲ್ಲ, ಹಲ್ಲು ಎಲ್ಲಿಯೂ ತಾಗುತ್ತಿಲ್ಲ ಅಂತ. ಅಂಥ ಸೆಟ್ಟಿನಲ್ಲಿ ಅನ್ನ ಅಗಿಯಲಿಕ್ಕಾಗುವುದಿಲ್ಲ. ಆ ಸೋಮವಾರ ಬೆಳಿಗ್ಗೆ ಕಾಗದ ಕೈಯಲ್ಲಿ ಹಿಡಿದುಕೊಂಡೇ ಅವಳು ಬಿಳಿ ಹಲಗೆಯನ್ನು ಬಹಳ ಹೊತ್ತು ನೋಡಿದಳು.

ಎರಡನೇ ಸುತ್ತಿನ ಮೊದಲ ಪಂದ್ಯ ಅವಳಿಗೂ ಮೈದುನನಿಗೂ. ಯಾವತ್ತೂ ಎದುರಾಳಿಯ ಪುಟ ತೆರೆಯದವಳು ಅವತ್ತು ತೆರೆದಳು. ನೋಡಿದರೆ ಮೈದುನ ಇಳಿಸಿದ ಐವರ ಹೆಸರಿನ ಪಕ್ಕದಲ್ಲೂ ಕೆಂಪು ಗುರುತು. ಕಾಲು ಮುರಿದವನು, ಬೆರಳು ಉಳುಕಿದವನು, ಬೆನ್ನು ಹಿಡಿದವನು. ಕಲ್ಲುಗುಂಡಿನಂಥ ಆಟಗಾರರೆಲ್ಲ ಬೆಂಚಿನ ಮೇಲೆ!

ಟೀ ಹೊತ್ತಿಗೆ ಅವಳು ಲೋಟ ಕೆಳಗಿಟ್ಟು, ಎಲ್ಲರ ಮುಂದೆಯೇ ಕೇಳಿದಳು. "ಏನೋ ಇದು? ತಂಡ ಇಳಿಸಿದ್ದೀಯೋ, ಆಸ್ಪತ್ರೆ ವಾರ್ಡ್ ತೆರೆದಿದ್ದೀಯೋ?"

ಮೈದುನನ ಮುಖ ಹುಳ್ಳಗಾಯಿತು. ಹೆಲ್ಮೆಟ್ಟಿನ ಪಟ್ಟಿ ಹಿಂಡುತ್ತಾ ನಿಂತ. ಪಕ್ಕದಲ್ಲಿದ್ದ ಪ್ಲಾಸ್ಟರ್ ಮಾವನಿಗೆ ತಡೆಯಲಾಗಲಿಲ್ಲ. ಫೋನು ಇಣುಕಿ ನೋಡಿ ಹಣೆ ಚಚ್ಚಿಕೊಂಡ. "ಅಯ್ಯೋ ಪೆದ್ದೇ! ಐದೂ ಜನಾನಾ? ಹೀಗಾ ಸೋಲೋದು? ಚೆನ್ನಾಗಿ ಆಡೋರಲ್ಲಿ ಒಬ್ಬನ್ನೋ ಇಬ್ಬರನ್ನೋ ಸದ್ದಿಲ್ಲದೆ ಬೆಂಚಿಗೆ ಹಾಕಿದ್ರೆ ಸಾಕಿತ್ತಲ್ಲೋ, ನಾನು ಮಾಡಿದ ಹಾಗೆ..."

ಮಾವ ನಾಲಿಗೆ ಕಚ್ಚಿಕೊಂಡ.

"ಮಾವ, ನೀವೂನಾ?" ಪಿಂಗಾಣಿ ಬಾಯಿ ತೆರೆದಳು. "ನಾನೊಬ್ಬಳೇ ಅಂದ್ಕೊಂಡಿದ್ದೆ! ಅಕ್ಕ ಒಂದೇ ಒಂದು ಸಲ ಗೆಲ್ಲಲಿ ಪಾಪ ಅಂತ..."

ಎಲ್ಲರೂ ಯಜಮಾನರ ಕಡೆ ತಿರುಗಿದರು. ಅವರು ಕನ್ನಡಕ ತೆಗೆದು ಒರೆಸಲು ಶುರುಮಾಡಿದರು. "ನಾನು ಹೇಗೂ ಸೋಲೋನೇ" ಅಂದರು. "ಆ ವಾರ ಸ್ವಲ್ಪ ಮನಸ್ಸಿಟ್ಟು ಸೋತೆ, ಅಷ್ಟೇ."

ಯಾರೂ ಯಾರಿಗೂ ಹೇಳಿರಲಿಲ್ಲ. ಒಬ್ಬೊಬ್ಬರೂ ತಾನೊಬ್ಬನೇ ದೊಡ್ಡ ಮನಸ್ಸು ಮಾಡಿದೆ ಅಂದುಕೊಂಡು, ಒಳಗೊಳಗೇ ಖುಷಿಪಟ್ಟು, ಬಾಯಿಗೆ ಬೀಗ ಹಾಕಿಕೊಂಡಿದ್ದರು. ಒಬ್ಬೊಬ್ಬರ ಕರುಣೆ ಸೇರಿ ಸೇರಿ ಹುಲಿಗಳು ಹಲಗೆಯ ತುದಿಗೆ ಏರಿ ಕೂತಿದ್ದವು. ಇನ್ನೊಂದು ದಿನವಾಗಿದ್ದರೆ ಇದೇ ಮಾತಿಗೆ ವರ್ಷವಿಡೀ ಹೊಟ್ಟೆ ಹುಣ್ಣಾಗುವಷ್ಟು ನಗಬಹುದಿತ್ತು. ಅವತ್ತು ಯಾರೂ ನಗಲಿಲ್ಲ.

ಮೇಣದಕ್ಕನಿಗೆ ರೇಗಿ ಹೋಯಿತು. "ಯಾರು ಕೇಳಿದ್ರು ನಿಮ್ಮನ್ನ? ಗಂಡ ಹೋದ, ಸರಿ. ಜೊತೆಗೆ ನಾನೂ ಹೋಗಿದ್ದೀನಾ? ಮಾತಾಡಿಸಿದ್ರೆ ಮೆತ್ತಗೆ, ನಡೆದ್ರೆ ಮೆತ್ತಗೆ, ನಾನು ಕಂಡ ಕೂಡ್ಲೇ ನಗು ನಿಲ್ಲಿಸೋದು! ಎಷ್ಟು ದಿನ ಆಯ್ತು ನನ್ನ ಜೊತೆ ಯಾರಾದ್ರೂ ಜಗಳ ಆಡಿ? ಆ ತಾತ ಒಂದು ಸಲಾನಾದ್ರೂ ನನ್ನ ಮೇಜಿಗೆ ಬಂದಿದ್ದಾನಾ?" ಅವಳು ಲೋಟ ಪಕ್ಕಕ್ಕೆ ತಳ್ಳಿದಳು. "ನಿಮ್ಮ ಪಾಪ ಪುಣ್ಯ ನನಗೆ ಬೇಡ. ಆಡೋದಾದ್ರೆ ನೆಟ್ಟಗೆ ಆಡಿ. ಇಲ್ದಿದ್ರೆ ನನ್ನನ್ನ ಬಿಟ್ಟುಬಿಡಿ."

ಮೈದುನ ತಲೆ ಎತ್ತಿದ. "ನನ್ನಿಂದ ಆಗಲ್ಲ ಅತ್ತಿಗೆ."

"ನನ್ನ ಜಾಗದಲ್ಲಿ ನಿಮ್ಮಣ್ಣ ಕೂತಿದ್ರೆ ಬಿಡ್ತಿದ್ಯಾ?"

"ಅಣ್ಣ ಆಗಿದ್ರೆ ಚಿಂದಿ ಚಿತ್ರಾನ್ನ ಮಾಡ್ತಿದ್ದೆ."

"ಹಾಗಾದ್ರೆ ಮಾಡು!"

"ಯಾರನ್ನ ಮಾಡ್ಲಿ?" ಅವನಿಗೂ ಸಿಟ್ಟು ಬಂತು. ಅತ್ತಿಗೆಯ ಎದುರು ಅವನು ದನಿ ಎತ್ತಿದ್ದು ಅದೇ ಮೊದಲು. "ನೀವೆಲ್ಲಿ ಆಡ್ತಿದ್ದೀರಾ? ಆ ಐವರನ್ನ ಇಟ್ಟಿದ್ದು ಅಣ್ಣ. ಏಣಿ ಮಂಡಿ ಮುರ್ಕೊಂಡು ಮಲಗಿದ್ರೂ ಅವನೇ ಮುಂದೆ ನಿಂತಿದ್ದಾನೆ. ಫೋನ್ ತೆಗೆದಾಗೆಲ್ಲ ನನಗೆ ಅಣ್ಣನೇ ಎದುರು ಬಂದ ಹಾಗಾಗತ್ತೆ. ಹೋದವನ ಮೇಲೆ ನಾನು ಹೇಗೆ ಗೆಲ್ಲಲಿ? ಮೊದಲು ನೀವು ಆಡಿ ಅತ್ತಿಗೆ. ಆಮೇಲೆ ನೋಡೋಣ."

ಮೇಣದಕ್ಕ ಎದ್ದು ತನ್ನ ಮೇಜಿಗೆ ಹೋದಳು. ಟೀ ಅಲ್ಲೇ ಆರಿಹೋಯಿತು.

ಮಧ್ಯಾಹ್ನವೆಲ್ಲ ಅವಳು ತಲೆ ತಗ್ಗಿಸಿಕೊಂಡು ಕೆಲಸ ಮಾಡಿದಳು. ಪಕ್ಕದ ಮೇಜು ಖಾಲಿ. ಅಲ್ಲಿನ ಪಾಲಿಶ್ ಯಂತ್ರಕ್ಕೆ ಯಾರೋ ಬಟ್ಟೆ ಹೊದಿಸಿದ್ದರು, ಈಗ ಬೇರೆ ಲ್ಯಾಬಿನಿಂದ ಹೊಳಪು ಕೊಡಿಸಿ ತರುತ್ತಿದ್ದರು. ಯಾರಿಗೂ ಆ ಬಟ್ಟೆ ಎತ್ತುವ ಮನಸ್ಸಾಗಿರಲಿಲ್ಲ. ಆ ಹುಡುಗ ಹೇಳಿದ್ದು ಸುಳ್ಳೇನಲ್ಲ ಅಂತ ಅವಳಿಗೆ ಅನ್ನಿಸಿತು. ಇವರು ಅವಳನ್ನು ಮುಟ್ಟಲಿಲ್ಲ, ಅವಳು ಗಂಡನ ಸಾಲನ್ನು ಮುಟ್ಟಲಿಲ್ಲ. ಎಲ್ಲರೂ ಸೇರಿ ಒಂದು ಬಟ್ಟೆ ಹೊದಿಸಿ ಕೂತಿದ್ದರು.

ಸಂಜೆ ಬರ್ನರ್ ಆರಿಸಿ, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಫೋನು ತೆಗೆದಳು. ಏಣಿಯ ಹೆಸರಿನ ಮೇಲೆ ಬೆರಳಿಟ್ಟಳು. "ಸ್ವಲ್ಪ ದಿನ ಕೂತಿರಪ್ಪಾ, ಮಂಡಿ ವಾಸಿಯಾಗ್ಲಿ" ಅಂದಳು. ಏಣಿಗೆ ಹೇಳಿದಳೋ, ಇನ್ಯಾರಿಗೆ ಹೇಳಿದಳೋ. ಅವನನ್ನು ಬೆಂಚಿಗೆ ಎಳೆದಳು. ಆಮೇಲೆ ಪ್ಲಾಸ್ಟರ್ ಮಾವನ ಮುಂದೆ ಹೋಗಿ ನಿಂತು, "ಮಾವ, ಈ ಬೆಂಚಿನಲ್ಲಿ ಆಡೋಕೆ ಬರೋನು ಯಾರು ಹೇಳಿ. ಸುಳ್ಳು ಹೇಳಿದ್ರೆ ನೋಡಿ ಮತ್ತೆ" ಅಂದಳು. ಮಾವ ಕಣ್ಣು ಒರೆಸಿಕೊಂಡು ಹೆಸರು ಹೇಳಿದ. ಒರೆಸಿಕೊಂಡ ಕಡೆ ಪ್ಲಾಸ್ಟರ್ ಮೆತ್ತಿಕೊಂಡಿತು. ಅವಳು ಒಬ್ಬನನ್ನಲ್ಲ, ಮೂವರನ್ನು ಬದಲಾಯಿಸಿದಳು. ಬಾಗಿಲಲ್ಲಿ ಸ್ಕೂಟರ್ ಹತ್ತುತ್ತಿದ್ದ ಮೈದುನನಿಗೆ ಕೂಗಿ ಹೇಳಿದಳು, "ನಾನು ಆಡಿದ್ದಾಯ್ತು ಕಣೋ. ಈಗ ನಿನ್ನ ಸರದಿ."

ಅವನು ಸ್ಕೂಟರ್ ನಿಲ್ಲಿಸಿ, ಫೋನು ತೆಗೆದು, ಬಹಳ ಹೊತ್ತು ನೋಡಿದ. ಆಮೇಲೆ ಒಬ್ಬೊಬ್ಬರನ್ನೇ ಬೆಂಚಿನಿಂದ ಎಬ್ಬಿಸಿದ.

ಆ ವಾರ ಮೇಣದಕ್ಕ ಆಟ ನೋಡಿದಳು ಅಂದರೆ ನೋಡಿದಳು! ಕೆಲಸದ ನಡುವೆ ಫೋನು, ಬಸ್ಸಿನಲ್ಲಿ ಫೋನು, ಅನ್ನ ಬೇಯುವ ಹೊತ್ತಿಗೂ ಫೋನು. ಹೊಸಬನೊಬ್ಬ ಚೆಂಡು ಕೈಬಿಟ್ಟರೆ, "ಕೈಗೆ ಬೆಣ್ಣೆ ಸವರ್ಕೊಂಡಿದ್ದಾನಾ ದರಿದ್ರದವನು" ಅಂತ ಬಸ್ಸಿನಲ್ಲೇ ಬೈದಳು. ಪಕ್ಕದಲ್ಲಿದ್ದವರು ಸರಿದು ಕೂತರು. ಮೈದುನನ ತಂಡ ಮಾತ್ರ ಕರುಣೆಯೇ ಇಲ್ಲದೆ ಆಡಿತು. ವಾರದ ಕೊನೆಗೆ ಹುಲಿಗಳು ನೆಲ ಕಚ್ಚಿದ್ದವು. ಪಿಂಗಾಣಿಗೂ ಯಜಮಾನರಿಗೂ ನಡೆದ ಇನ್ನೊಂದು ಪಂದ್ಯ ಕೂದಲೆಳೆಯಲ್ಲಿ ಮುಗಿದಿತ್ತು. ಹಾಗಾಗಿ ತಾತ ಈ ವಾರ ಯಾರ ಮನೆಗೆ ಅನ್ನುವುದರಲ್ಲಿ ಅನುಮಾನವೇ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಎಲ್ಲರೂ ಬೇಗ ಬಂದಿದ್ದರು. ತಾತ ಯಜಮಾನರ ಮೇಜಿನ ಮೇಲಿತ್ತು, ಅದನ್ನು ಎತ್ತುವವರು ಯಾರು? ಪಿಂಗಾಣಿ ನೆಲ ನೋಡಿದಳು. ಯಜಮಾನರು ಮತ್ತೆ ಕನ್ನಡಕ ಒರೆಸಿದರು. ಕೊನೆಗೆ ಮೈದುನ ಎರಡೂ ಕೈಯಲ್ಲಿ ತಾತನನ್ನು ಎತ್ತಿಕೊಂಡ. ಅಣ್ಣನನ್ನು ಸೋಲಿಸಿದಾಗ ಹಾಡು ಹೇಳುತ್ತಾ, ಸೊಂಟ ಕುಣಿಸುತ್ತಾ ತರುತ್ತಿದ್ದವನು ಅವನು. ಈಗ ಹಾಡು ಬರಲಿಲ್ಲ. ಆದರೂ ನಡೆದ. ಅತ್ತಿಗೆಯ ಮೇಜಿನ ಮುಂದೆ ನಿಂತು, "ಸೋತ್ರಿ ಅತ್ತಿಗೆ" ಅಂದ. ಅವನ ಕಣ್ಣು ತುಂಬಿತ್ತು.

ಮೇಣದಕ್ಕ ಮೇಣದ ಚೂರುಗಳನ್ನು ಪಕ್ಕಕ್ಕೆ ಸರಿಸಿದಳು. ಅಂಗೈಯಿಂದ ಮೇಜು ಒರೆಸಿದಳು. ಅವನು ತಾತನನ್ನು ಇಟ್ಟ. ಮುರಿದ ಹಲ್ಲಿನ ಸಂದಿನಿಂದ ಅದು ಅವಳನ್ನೇ ನೋಡಿ ಕಿರಿಯಿತು. ಅವಳು ಅದನ್ನು ಮೆಲ್ಲಗೆ ತಟ್ಟಿದಳು. ಆ ಲ್ಯಾಬು ಎಷ್ಟೋ ದಿನದಿಂದ ಕೇಳದಿದ್ದ ಮಾತು ಅವಳ ಬಾಯಿಂದ ಬಂತು.

"ಬಂದ್ಯಾ ತಾತ? ಬಾ, ಕೂತ್ಕೋ. ಕಾಫಿ ಕುಡೀತೀಯಾ?"

ಪ್ಲಾಸ್ಟರ್ ಮಾವ ಹಿಂದಿನಿಂದ, "ಮಾನ ಮರ್ಯಾದೆ ಇಲ್ಲ ಈ ಹೆಂಗಸಿಗೆ" ಅಂದ. ಮೊದಲು ನಕ್ಕವಳು ಮೇಣದಕ್ಕನೇ. ನಗುತ್ತಲೇ ಅತ್ತಳು, ಅಳುತ್ತಲೇ ಎದ್ದು ಪಕ್ಕದ ಮೇಜಿನ ಯಂತ್ರದ ಮೇಲಿನ ಬಟ್ಟೆ ಎಳೆದು ಮಡಚಿಟ್ಟಳು. ಆಮೇಲೆ ಕಣ್ಣು ಒರೆಸಿಕೊಂಡು ಮೈದುನನನ್ನು ಗದರಿದಳು, "ಏನು ನಿಂತ್ಕೊಂಡು ನೋಡ್ತಿದ್ದೀಯಾ? ಹಾಡು ಹೇಳೋ. ನಿಮ್ಮಣ್ಣನಿಗೆ ಹೇಳ್ತಿದ್ದಿಯಲ್ಲ, ನನಗೆ ಯಾಕಿಲ್ಲ?"